ಮಗಳಿಗೊಂದು ಪತ್ರ: ಯಾರೂ ಮೀಟದ ಗಾಂಧಾರ

ಪುಟ್ಟಿ,

"ನಿಮ್ಮಮ್ಮನಿಗೆ ಕಣ್ಣಿಲ್ಲ ಅಂತ ದೇವರು ಕಿವಿ ಜಾಸ್ತಿ ಕೊಟ್ಟಿದ್ದಾನೆ" ಅಂದರಂತೆ ನಿನ್ನ ಗೆಳತಿಯರು. ಪ್ರೀತಿಯಿಂದಲೇ ಹೇಳಿದ್ದಾರೆ, ಇರಲಿ. ಆದರೆ ನೀನೂ ಅದನ್ನೇ ನಂಬಿ, ನನಗೆ ಅಂಥ ಕಿವಿ ಬರೋದಿಲ್ಲ ಅಂತ ಕೂತರೆ ನನಗೆ ಬೇಜಾರಾಗುತ್ತದೆ.

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. 2004ರಲ್ಲಿ ಕೆನಡಾದ ಸಂಶೋಧಕರು ಒಂದು ಪರೀಕ್ಷೆ ಮಾಡಿದ್ದರು. ಶ್ರುತಿ ಏರಿತೋ ಇಳಿಯಿತೋ ಅಂತ ಗುರುತಿಸುವುದರಲ್ಲಿ, ನನ್ನ ಹಾಗೆ ಚಿಕ್ಕಂದಿನಲ್ಲೇ ದೃಷ್ಟಿ ಹೋದವರು ಮುಂದಿದ್ದರು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಆ ಹೆಚ್ಚುಗಾರಿಕೆ ಇರಲಿಲ್ಲ. ಎಳೆಯ ಮಿದುಳಿನಲ್ಲಿ ನೋಡಲಿಕ್ಕಿರುವ ಭಾಗ ಕೇಳುವ ಕೆಲಸಕ್ಕೂ ಒದಗುತ್ತದಂತೆ. ನನಗೂ ಒಂದಿಷ್ಟು ಸಿಕ್ಕಿರಬಹುದು. ಆದರೆ ಅಷ್ಟರಿಂದಲೇ ಸಂಗೀತ ಬರುತ್ತದಾ? ಗದಗಿನ ಪುಟ್ಟರಾಜ ಗವಾಯಿಗಳು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಹಾಡುವುದರ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲ ನುಡಿಸುತ್ತಿದ್ದರು. ಅವರ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಅದನ್ನೆಲ್ಲ ಸುಮ್ನೆ ವರ ಅಂದುಬಿಟ್ಟರೆ ಅವರು ಪಟ್ಟ ಪಾಡು ಲೆಕ್ಕಕ್ಕೇ ಇಲ್ಲದ ಹಾಗಾಯಿತು, ಅಲ್ವಾ?

ನೀನು ಹೀಗೆ ಮಾಡು. ತಂಬೂರಿಯನ್ನು ಪ ಸ ಸ ಸ ಕೂಡಿಸಿ, ಕೊನೆಯ ದಪ್ಪ ತಂತಿ, ಅಂದರೆ ಮಂದ್ರದ (ಕೆಳಗಿನ ಸ್ಥಾಯಿಯ) ಸ, ಅದೊಂದನ್ನೇ ಮೀಟು. ಹಾಡಬೇಡ. ಮೊದಮೊದಲು ಬರೀ ಸ ಕೇಳುತ್ತದೆ. ಕೇಳುತ್ತಾ ಕೇಳುತ್ತಾ ಅದರ ಒಳಗಿಂದ ಗಾಂಧಾರ, ಅಂದರೆ ಗ ಸ್ವರ, ಎದ್ದು ಬರುತ್ತದೆ, ಯಾವ ತಂತಿಯನ್ನೂ ಆ ಸ್ವರಕ್ಕೆ ಕೂಡಿಸಿಲ್ಲದಿದ್ದರೂ! ತಂತಿ ಇಡಿಯಾಗಿ ಅದುರುವಾಗಲೇ ಪಾಲು ಪಾಲಾಗಿಯೂ ಅದುರುತ್ತದೆ, ಐದು ಪಾಲಾಗಿ ಅದುರುವುದೇ ಈ ಗಾಂಧಾರ. ಶ್ರುತಿ ಚೂರು ತಪ್ಪಿದ್ದರೂ, ತಂತಿಗಳನ್ನು ಹೊತ್ತ ಪಟ್ಟಿಯ, ಅದೇ ಕುದುರೆಯ, ಮೇಲೆ ತಂತಿಗೆ ಕೊಟ್ಟ ನೂಲು ಜಾಗ ಬಿಟ್ಟು ಸರಿದಿದ್ದರೂ ಅದು ಮಂಕಾಗುತ್ತದೆ. ನಾನು ತಂಬೂರಿಯ ಬುರುಡೆಗೆ ಕೆನ್ನೆಯೊತ್ತಿ ಕೇಳುತ್ತೇನೆ, ಆಗ ಮೂಳೆಗೂ ತಾಗುತ್ತದೆ. ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ, ಮೊಬೈಲ್ ಆಚೆ ಇಡು ಸಾಕು.

ಇಲ್ಲಿ ತೀರ್ಥಹಳ್ಳಿ ಕಡೆ ಮಳೆ ಬಿಟ್ಟೇ ಇಲ್ಲ. ತಾಳಮದ್ದಳೆಗೆ ಹೋಗಿದ್ದೆವು, ಥಂಡಿಗೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿದಿತ್ತು. ಭಾಗವತರು ಪದ್ಯ ಮುಗಿಸಿದ ಮೇಲೆ ಮದ್ದಳೆಯವರು ಅದನ್ನು ಮತ್ತೆ ಶ್ರುತಿ ಮಾಡಿದರು, ನಾನು ಅಷ್ಟು ಹೊತ್ತೂ ಚಡಪಡಿಸುತ್ತಿದ್ದೆ. ಪಕ್ಕದಲ್ಲಿದ್ದ ನಿನ್ನ ಅಪ್ಪನಿಗೂ ಗೊತ್ತಾಗಿತ್ತು. ಅವರಿಗೆ ಕಣ್ಣು ಚೆನ್ನಾಗಿಯೇ ಇದೆ, ನೋಡು!

ಈ ವಾರದ ಅಭ್ಯಾಸ ರೆಕಾರ್ಡ್ ಮಾಡಿ ಕಳಿಸು. ತಪ್ಪಿದ ಜಾಗ ಅಳಿಸಬೇಡ, ಅದೇ ನನಗೆ ಕೇಳಬೇಕಾಗಿರುವುದು.

ಅಮ್ಮ