ಸಿಂಗಪುರದ ಒಂದು ಹಗಲು: ಪುಲಾವ್ ಉಬಿನ್‌ಗೆ ಹೋಗೋಣ

ಎಲ್ಲರಿಗೂ ನಮಸ್ಕಾರ. ಪರ್ತ್‌ಗೆ ಹೋಗುವಾಗ ಸಿಂಗಪುರದಲ್ಲಿ ಒಂದು ಹಗಲು ಪೂರ್ತಿ ಸಿಗುತ್ತದೆ. ಸುಮ್ನೆ ಮಾಲ್ ಸುತ್ತುವುದು ಬೇಡ, ಪುಲಾವ್ ಉಬಿನ್ ದ್ವೀಪಕ್ಕೆ ಹೋಗೋಣ. ಚಾಂಗಿ ಪಾಯಿಂಟ್‌ನಿಂದ ದೋಣಿಯಲ್ಲಿ ಹತ್ತು ನಿಮಿಷ ಅಷ್ಟೇ. 12 ಜನ ಸೇರಿದ ಮೇಲೆ ದೋಣಿ ಬಿಡುತ್ತಾರೆ. ನಾವೇ ಒಂಬತ್ತು ಮಂದಿ ಇದ್ದೇವೆ, ಜಾಸ್ತಿ ಕಾಯಬೇಕಿಲ್ಲ. ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ.

ಜೆಟ್ಟಿ ಹತ್ತಿರವೇ ಬಾಡಿಗೆ ಸೈಕಲ್ ಸಿಗುತ್ತದೆ. ಬ್ರೇಕ್ ಹಿಡಿದು ನೋಡಿಯೇ ತಗೊಳ್ಳಿ. ದ್ವೀಪದ ಪೂರ್ವ ತುದಿಯ ಜೌಗು ಪ್ರದೇಶ ಚೆಕ್ ಜಾವಾದಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಪುಟ್ಟ ಏಡಿಗಳು ಓಡಾಡುತ್ತವೆ. ಗಂಡು ಏಡಿಗೆ ಒಂದು ಕೈ ಮಾತ್ರ ದೊಡ್ಡದು, ಅದನ್ನೇ ಎತ್ತಿ ಬೀಸುತ್ತದೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು ಅಂತ ನನ್ನಾಸೆ. ಕಾಡುಹಂದಿ ಎದುರಾದರೆ ತಿಂಡಿ ಹಾಕಬೇಡಿ.

ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್) ಅನ್ನು ಇಳಿಯುವ ಮುಂಚಿನ 3 ದಿನದೊಳಗೆ ತುಂಬಿ. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಮುಟ್ಟಬೇಡಿ. ವೀಸಾ ಪ್ರತಿ ಕೈಚೀಲದಲ್ಲೇ ಇರಲಿ.