ಮಕ್ಕಳ ಶಿಬಿರ: ಸೋಮವಾರದಿಂದ ಬೆಳಿಗ್ಗೆ 7ಕ್ಕೇ

ಎಲ್ಲರಿಗೂ ಶರಣು. ಸೋಮವಾರದಿಂದ ಶಿಬಿರ ಬೆಳಿಗ್ಗೆ 7ಕ್ಕೆ ಶುರು, 10.30ಕ್ಕೆ ಬಂದ್. ನಮ್ಮ ಬೀದರ್ ಬಿಸಿಲು ಗೊತ್ತಲ್ವಾ! ಹೋದ ವರ್ಷ ಮಗಳನ್ನು ಒಂದು ಕಡೆ ದುಡ್ಡು ಕಟ್ಟಿ ಸೇರಿಸಿದ್ದೆ. ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಕೂರಿಸಿ ಸುಮ್ನೆ ಬಣ್ಣ ತುಂಬಿಸಿದರು, ಅಷ್ಟೇ.

ಬುಧವಾರ ಬಿದರಿ ಕೆಲಸದವರೊಬ್ಬರು ಬರುತ್ತಾರೆ. ಸತು-ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೊದಲು ಬೂದು ಬಣ್ಣ, ಕೂರಿಸಿದ ಬೆಳ್ಳಿ ಎಳೆ ಕಣ್ಣಿಗೇ ಬೀಳುವುದಿಲ್ಲ. ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ದೊಡ್ಡವರೂ ಬನ್ನಿ, ಆದರೆ ಮುಂದಿನ ಸಾಲು ಮಕ್ಕಳದ್ದು.

ಗುರುವಾರ ಮಹಮೂದ್ ಗವಾನ್ ಮದರಸಾ. 1472ರ ಕಟ್ಟಡ. ಗೋಡೆಯ ಮೇಲೆ ಉಳಿದಿರುವ ಬಣ್ಣದ ಬಿಲ್ಲೆಗಳ ನಕ್ಷೆಯನ್ನು ಮಕ್ಕಳು ನೋಡಿ ಬರೆಯಬೇಕು. ಪೆನ್ಸಿಲ್, ರಟ್ಟು ಕಳಿಸಿ. ಉಳಿದ ದಿನ ಲಗೋರಿ, ಹಾಡು, ಕಥೆ.

ಟೋಪಿ, ನೀರಿನ ಬಾಟಲಿ ಬೇಕೇ ಬೇಕು. ಬುತ್ತಿಗೆ ಸುಸಲಾ ಆದರೂ ಸಾಕು, ಚಿಪ್ಸ್ ಪೊಟ್ಟಣ ಬೇಡ.

ಮಗುವಿನ ಹೆಸರು, ತರಗತಿ ಶನಿವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ದಯವಿಟ್ಟು ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ಹೆಸರುಗಳು ಮೇಲೆ ಹೋಗಿಬಿಡುತ್ತವೆ.