ಗಿರವಿ ಅಂಗಡಿಯವನನ್ನೂ ನೋಡು: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಹದಿನೆಂಟನೇ ಶತಮಾನದ ಇಂಗ್ಲಿಷ್ ಕಲಾವಿದ ವಿಲಿಯಂ ಹೋಗಾರ್ತನ ‘ಜಿನ್ ಲೇನ್’ (ಜಿನ್ ಬೀದಿ) ಅನ್ನುವ ಅಚ್ಚಿನ ಚಿತ್ರ ನೋಡಿ ಸಿಟ್ಟು ಬಂತು ಅಂತ ಬರೆದಿದ್ದೀಯ. ಕುಡಿದು ಬಿದ್ದ ಬಡವರನ್ನು ಇಷ್ಟು ಅಸಹ್ಯವಾಗಿ ತೋರಿಸಿ, ಅದನ್ನೇ ಉಳ್ಳವರಿಗೆ ತಮಾಷೆಯಾಗಿ ಮಾರಿ ದುಡ್ಡು ಮಾಡಿದವನನ್ನು ಯಾಕೆ ದೊಡ್ಡ ಕಲಾವಿದ ಅನ್ನಬೇಕು ಅನ್ನುವುದು ನಿನ್ನ ಪ್ರಶ್ನೆ. ಫೋನಿನಲ್ಲಿ ಎರಡು ಮಾತಾಡಿ ಮುಗಿಸಲು ಮನಸ್ಸಾಗಲಿಲ್ಲ. ನೀನೂ ವ್ಯಂಗ್ಯಚಿತ್ರ ಬಿಡಿಸುವವನು. ಯಾರನ್ನು ನೋಡಿ ನಗಿಸಬೇಕು ಅನ್ನುವ ಪ್ರಶ್ನೆ ನಿನಗೆ ದಿನಾ ಎದುರಾಗುತ್ತದೆ. ಅದಕ್ಕೇ ಇಷ್ಟುದ್ದದ ಪತ್ರ. ಈ ಚಿತ್ರ ನೋಡಿ ನಿನ್ನ ಹಾಗೇ ಬೇಜಾರಾದವರು ಇನ್ನೂ ಇರಬಹುದು ಅಂತ ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ.

ಚಿತ್ರವನ್ನು ಇನ್ನೊಮ್ಮೆ ತೆರೆ. ಮೊಬೈಲಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡು. ನಡುವೆ, ಮೆಟ್ಟಿಲ ಮೇಲೆ ಕೂತ ಹೆಂಗಸಿನ ಮೇಲೇ ಎಲ್ಲರ ಕಣ್ಣು ಮೊದಲು ಬೀಳುತ್ತದೆ. ಮೈಮೇಲೆ ಬಟ್ಟೆ ನೆಟ್ಟಗಿಲ್ಲ. ಕಾಲ ತುಂಬ ಹುಣ್ಣು. ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆಯುತ್ತಿದ್ದಾಳೆ. ಅಷ್ಟರಲ್ಲಿ ಮಗು ತೋಳಿನಿಂದ ಜಾರಿ, ಕಟಕಟೆಯಾಚೆ ತಲೆಕೆಳಗಾಗಿ ಬೀಳುತ್ತಿದೆ. ಅವಳಿಗೆ ಅದರ ಪರಿವೆಯೇ ಇಲ್ಲ. ಮುಖದಲ್ಲಿ ನಗು ಇದೆ. ನಿನ್ನ ಸಿಟ್ಟು ಶುರುವಾಗಿದ್ದು ಇಲ್ಲೇ ಅಲ್ವಾ?

ಈಗ ಎಡಗಡೆಗೆ ಬಾ. ಅಲ್ಲೊಂದು ಗಿರವಿ ಅಂಗಡಿ ಇದೆ. ಮೇಲೆ ಮೂರು ಗುಂಡುಗಳ ಗುರುತು ನೇತಾಡುತ್ತಿದೆ. ಬಡಗಿಯೊಬ್ಬ ತನ್ನ ಕೋಟು, ಗರಗಸ ತಂದಿದ್ದಾನೆ. ಪಕ್ಕದಲ್ಲಿ ಒಬ್ಬಳು ಮನೆಯ ಅಡುಗೆ ಪಾತ್ರೆಗಳನ್ನು ಹೊತ್ತು ನಿಂತಿದ್ದಾಳೆ. ಅಂಗಡಿಯವನು ಗರಗಸ ಹಿಡಿದು ಬೆಲೆ ಕಟ್ಟುತ್ತಿದ್ದಾನೆ. ನಾಳೆ ಬಡಗಿಗೆ ಕೆಲಸಕ್ಕೆ ಹೋಗಲು ಗರಗಸ ಇಲ್ಲ. ಅವಳಿಗೆ ಒಲೆ ಮೇಲಿಡಲು ಪಾತ್ರೆ ಇಲ್ಲ. ಇಡೀ ಬೀದಿಯಲ್ಲಿ ಮನೆಗಳು ಕುಸಿದು ಬೀಳುತ್ತಿವೆ. ಗಟ್ಟಿಯಾಗಿ ನಿಂತಿರುವುದು ಮೂರೇ ವ್ಯಾಪಾರ: ಗಿರವಿಯವನದು, ಜಿನ್ ಮಾರುವವನದು, ಹೆಣದ ಪೆಟ್ಟಿಗೆ ಮಾಡುವವನದು.

ಇನ್ನೂ ಹಿಂದಕ್ಕೆ ನೋಡು. ಸತ್ತ ಹೆಂಗಸೊಬ್ಬಳನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಾರೆ. ಪಕ್ಕದಲ್ಲಿ ನೆಲದ ಮೇಲೆ ಅವಳ ಮಗು ಅಳುತ್ತಾ ಕೂತಿದೆ. ಅದನ್ನು ಎತ್ತಿಕೊಳ್ಳುವವರಿಲ್ಲ. ಬಲಗಡೆ ಧರ್ಮಾರ್ಥವಾಗಿ ಸಾಕಿದ ಇಬ್ಬರು ಬಡ ಹುಡುಗಿಯರು ಜಿನ್ ಕುಡಿಯುತ್ತಿದ್ದಾರೆ. ಅವರ ಬಟ್ಟೆಯ ಮೇಲೆ ಸೇಂಟ್ ಜೈಲ್ಸ್ ಪ್ಯಾರಿಷ್‌ನ, ಅಂದರೆ ಆ ಚರ್ಚಿನ ಆಡಳಿತಕ್ಕೆ ಸೇರಿದ ಪ್ರದೇಶದ, ಗುರುತು ಇದೆ. ಅಂದರೆ ಅವರನ್ನು ನೋಡಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡವರು ಇದ್ದಾರೆ, ಅವರು ಚಿತ್ರದಲ್ಲಿಲ್ಲ ಅಷ್ಟೆ. ಎಲ್ಲಕ್ಕಿಂತ ಹಿಂದೆ, ದೂರದಲ್ಲಿ, ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚಿನ ಗೋಪುರ. ಅದರ ತುದಿಯಲ್ಲಿ ದೊರೆ ಒಂದನೇ ಜಾರ್ಜ್‌ನ ಪ್ರತಿಮೆ. ಅದು ಹೋಗಾರ್ತ್ ಕಟ್ಟಿದ ಕಥೆ ಅಲ್ಲ, ಆ ಚರ್ಚಿನ ಮೇಲೆ ನಿಜವಾಗಿಯೂ ದೊರೆಯ ಪ್ರತಿಮೆ ಇದೆ. ದೇವರ ಮನೆ, ದೊರೆ ಇಬ್ಬರೂ ಈ ಬೀದಿಗೆ ಸಂಬಂಧವೇ ಇಲ್ಲದಷ್ಟು ಎತ್ತರದಲ್ಲಿದ್ದಾರೆ.

ಆ ಹೆಂಗಸು ಒಬ್ಬಳನ್ನೇ ನೋಡಿದರೆ ಇದು ಬಡವರ ಅಪಮಾನ. ಬೀದಿಯನ್ನು ಪೂರ್ತಿ ನೋಡಿದರೆ ಇದು ದೂರು.

ದೂರು ಯಾರ ಮೇಲೆ ಅಂತ ತಿಳಿಯಲು ಸ್ವಲ್ಪ ಹಿಂದಿನ ಕಥೆ ಬೇಕು. 1690ರಲ್ಲಿ ಇಂಗ್ಲೆಂಡಿನ ಸಂಸತ್ತು ಧಾನ್ಯದಿಂದ ಹೆಂಡ ಬಟ್ಟಿ ಇಳಿಸಲು ಹೆಚ್ಚುಕಡಿಮೆ ಎಲ್ಲರಿಗೂ ದಾರಿ ಬಿಟ್ಟುಕೊಟ್ಟಿತು. ಫ್ರಾನ್ಸಿನ ಬ್ರಾಂದಿ ಬರುವುದನ್ನು ತಡೆಯುವುದು ಒಂದು ಉದ್ದೇಶ. ಜಮೀನ್ದಾರರ ಧಾನ್ಯಕ್ಕೆ ಮಾರುಕಟ್ಟೆ ಸಿಗಲಿ ಅನ್ನುವುದು ಇನ್ನೊಂದು. ಸಂಸತ್ತಿನಲ್ಲಿ ಕೂತವರು ಬಹಳ ಮಂದಿ ಜಮೀನ್ದಾರರೇ. ಹೀಗೆ ಧಾನ್ಯದಿಂದ ಇಳಿಸಿದ ಮದ್ಯವೇ ಜಿನ್. ಲಂಡನ್ನಿನ ಬಡ ಕೇರಿಗಳಲ್ಲಿ ಅದು ನೀರಿನ ಹಾಗೆ ಹರಿಯಿತು. 1743ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 80 ಲಕ್ಷ ಗ್ಯಾಲನ್ ಆಸುಪಾಸು ಖರ್ಚಾಗುತ್ತಿತ್ತು. 1734ರಲ್ಲಿ ಜುಡಿತ್ ಡಿಫೋರ್ ಅನ್ನುವವಳು ತನ್ನ ಎರಡು ವರ್ಷದ ಮಗುವನ್ನು ಅನಾಥಾಲಯದಂಥ ಕಡೆಯಿಂದ ಕರೆದುಕೊಂಡು ಹೋಗಿ ಕೊಂದಳು. ಮಗುವಿಗೆ ಅಲ್ಲಿ ಕೊಟ್ಟಿದ್ದ ಹೊಸ ಬಟ್ಟೆ ಮಾರಿ ಜಿನ್ ಕುಡಿದಳು. ಬಟ್ಟೆಗೆ ಸಿಕ್ಕಿದ್ದು 1 ಶಿಲಿಂಗ್ 4 ಪೆನ್ಸ್. ಹೋಗಾರ್ತ್ ಚಿತ್ರದ ತಾಯಿಯನ್ನು ಅತಿ ಮಾಡಿ ತೋರಿಸಿದ ಅಂತ ನಿನಗೆ ಅನ್ನಿಸಿದರೆ, ಆ ಊರು ಇದಕ್ಕಿಂತ ಘೋರವಾದದ್ದನ್ನು ಕೋರ್ಟಿನಲ್ಲೇ ಕೇಳಿತ್ತು.

ಚಿತ್ರ ಹೊರಬಿದ್ದಿದ್ದು 1751ರ ಫೆಬ್ರವರಿಯಲ್ಲಿ. ಅದೇ ವರ್ಷ ಹೊಸ ಜಿನ್ ಕಾಯ್ದೆ ಬಂತು. ಲೈಸೆನ್ಸ್ ಶುಲ್ಕ ಏರಿತು. ಲೈಸೆನ್ಸ್ ಇಲ್ಲದವರಿಗೆ ಬಟ್ಟಿಯವರು ಮಾಲು ಕೊಡಬಾರದು ಅಂತ ಆಯಿತು. ಇದೆಲ್ಲ ಒಂದು ಚಿತ್ರದಿಂದ ಆಯಿತು ಅಂತ ನಾನು ಹೇಳುವುದಿಲ್ಲ. ನ್ಯಾಯಾಧೀಶನೂ ಲೇಖಕನೂ ಆಗಿದ್ದ ಹೆನ್ರಿ ಫೀಲ್ಡಿಂಗ್ ಅದೇ ಹೊತ್ತಿಗೆ ಜಿನ್ ವಿರುದ್ಧ ಜೋರಾಗಿ ಬರೆಯುತ್ತಿದ್ದ. ಅವನು ಹೋಗಾರ್ತನ ಗೆಳೆಯ. ಮುಂದೆ ಧಾನ್ಯದ ಬೆಲೆ ಏರಿದ್ದೂ ಕುಡಿತ ಇಳಿಯಲು ಕಾರಣವಾಯಿತು. ಆದರೆ ಕಾಯ್ದೆಗೆ ಮೊದಲು ಜನರ ಕಣ್ಣ ಮುಂದೆ ಆ ಬೀದಿಯನ್ನು ತಂದು ನಿಲ್ಲಿಸಿದ್ದು ಈ ಚಿತ್ರ.

ಜೊತೆಗೇ ಬಂದ ‘ಬಿಯರ್ ಸ್ಟ್ರೀಟ್’ ನನಗೆ ಅಷ್ಟು ಹಿಡಿಸುವುದಿಲ್ಲ. ನಮ್ಮ ದೇಶದ ಬಿಯರ್ ಕುಡಿದರೆ ಎಲ್ಲರೂ ದಷ್ಟಪುಷ್ಟ, ಎಲ್ಲರೂ ಖುಷಿ ಅನ್ನುವ ಚಿತ್ರ ಅದು. ಜಿನ್ ಲೇನ್‌ನಲ್ಲಿ ಇದ್ದ ಸತ್ಯ ಇಲ್ಲಿ ಇಲ್ಲ. ಒಂದನ್ನು ಮಾತ್ರ ಮರೆಯದೆ ನೋಡು. ಈ ಬೀದಿಯಲ್ಲಿ ಪಾಳು ಬಿದ್ದಿರುವುದು ಗಿರವಿ ಅಂಗಡಿ ಒಂದೇ. ಸಾಲ ವಸೂಲಿಗೆ ಯಾರಾದರೂ ಬಂದಾರು ಅಂತ ಬಾಗಿಲು ಹಾಕಿಕೊಂಡು, ಚಿಕ್ಕ ಕಿಂಡಿಯಿಂದ ಕೈ ಚಾಚಿ ಬಿಯರ್ ತೆಗೆದುಕೊಳ್ಳುತ್ತಿದ್ದಾನೆ ಆ ಅಂಗಡಿಯವನು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರೆ ಹೋಗಾರ್ತನ ಸಿಟ್ಟು ಯಾರ ಮೇಲೆ ಅಂತ ಗೊತ್ತಾಗುತ್ತದೆ.

ಸಾಲ ಅಂದರೆ ಏನು ಅಂತ ಅವನಿಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಹುಟ್ಟಿದ್ದು 1697ರಲ್ಲಿ, ಲಂಡನ್ನಿನ ಸ್ಮಿತ್‌ಫೀಲ್ಡ್ ಹತ್ತಿರ. ತಂದೆ ರಿಚರ್ಡ್ ಲ್ಯಾಟಿನ್ ಪಾಠ ಹೇಳುವ ಮೇಷ್ಟ್ರು. ಲ್ಯಾಟಿನ್‌ನಲ್ಲೇ ಮಾತಾಡಬೇಕು ಅನ್ನುವ ಒಂದು ಕಾಫಿ ಹೌಸ್ ತೆಗೆದರು, ಮುಳುಗಿದರು. ಸಾಲ ತೀರಿಸಲಾಗದೆ ಫ್ಲೀಟ್ ಜೈಲು ಸೇರಿದರು. ಹುಡುಗ ಆಗ ಹತ್ತು ಹನ್ನೊಂದರ ವಯಸ್ಸಿನವನು. ಆಮೇಲೆ ಬೆಳ್ಳಿ ಪಾತ್ರೆಗಳ ಮೇಲೆ ಚಿತ್ರ ಕೆತ್ತುವವನ ಹತ್ತಿರ ಕೆಲಸ ಕಲಿಯಲು ಸೇರಿದ. ಅಲ್ಲಿ ಕೈ ಪಳಗಿತು. ಆಮೇಲೆ ತಾಮ್ರದ ತಗಡಿಗೆ ಬಂದ. ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಇಟ್ಟು ಒತ್ತಬೇಕು. ಎಡಗಡೆಯದು ಬಲಕ್ಕೆ ಬರುತ್ತದೆ. ಹಾಗಾಗಿ ತಗಡಿನ ಮೇಲೆ ಅಕ್ಷರಗಳನ್ನೂ ತಿರುಗುಮುರುಗಾಗಿ ಕೆತ್ತಬೇಕು. ಜಿನ್ ಲೇನ್‌ನ ಬೋರ್ಡುಗಳನ್ನು ಓದುವಾಗ ಇದನ್ನು ನೆನಪಿಟ್ಟುಕೋ.

1735ರ ‘ರೇಕ್ಸ್ ಪ್ರೋಗ್ರೆಸ್’ ಸರಣಿಯಲ್ಲಿ ಎಂಟು ಚಿತ್ರ. ಅಪ್ಪನ ಆಸ್ತಿ ಹಾಳು ಮಾಡಿಕೊಂಡ ಹುಡುಗನ ಕಥೆ. ಏಳನೆಯ ಚಿತ್ರ ನಡೆಯುವುದು ಅದೇ ಫ್ಲೀಟ್ ಜೈಲಿನಲ್ಲಿ. ಅಲ್ಲಿ ಒಬ್ಬ ಕೈದಿಯ ಹತ್ತಿರ ಇಡೀ ದೇಶದ ಸಾಲ ತೀರಿಸುವ ಯೋಜನೆಯ ಕಾಗದ ಇದೆ. ತನ್ನ ಸಾಲ ತೀರಿಸಲಾಗದೆ ಒಳಗೆ ಬಿದ್ದವನು ಅವನು. ಜೈಲಿನಲ್ಲಿದ್ದ ಅಪ್ಪನನ್ನು ಕಂಡ ಮಗ ಬಿಡಿಸಿದ ಚಿತ್ರ ಅಂತ ಗೊತ್ತಿದ್ದರೆ ಅದನ್ನು ನೋಡಿ ಸುಮ್ನೆ ನಗಲಾಗುವುದಿಲ್ಲ. ಕೊನೆಯ ಚಿತ್ರ ಬೆಡ್ಲಂ ಹುಚ್ಚಾಸ್ಪತ್ರೆ. ನೆಲದ ಮೇಲೆ ಅರೆಬೆತ್ತಲೆಯಾಗಿ ಬಿದ್ದವನಿಗೆ ಸರಪಳಿ ಹಾಕುತ್ತಿದ್ದಾರೆ. ಹಿಂದೆ ರೇಷ್ಮೆ ಬಟ್ಟೆಯ ಇಬ್ಬರು ಹೆಂಗಸರು ನಿಂತಿದ್ದಾರೆ. ಹುಚ್ಚರನ್ನು ನೋಡಿ ಹೊತ್ತು ಕಳೆಯಲು ಬಂದವರು. ಒಬ್ಬಳು ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದಿದ್ದಾಳೆ. ಬಡವರ ನೋವನ್ನು ಉಳ್ಳವರಿಗೆ ತಮಾಷೆಯಾಗಿ ಮಾರಿದ ಅಂದೆಯಲ್ಲ, ಹಾಗೆ ತಮಾಷೆ ನೋಡುವವರನ್ನೇ ಅವನು ಚಿತ್ರದೊಳಗೆ ತಂದು ನಿಲ್ಲಿಸಿದ್ದಾನೆ.

ಉಳ್ಳವರನ್ನು ಅವನು ಹೇಗೆ ನೋಡಿದ ಅಂತ ತಿಳಿಯಬೇಕಾದರೆ 1745ರಲ್ಲಿ ಅಚ್ಚಾದ ‘ಮ್ಯಾರೇಜ್ ಎ-ಲಾ-ಮೋಡ್’ ನೋಡಲೇಬೇಕು. ನನಗೆ ಅವನ ಕೆಲಸದಲ್ಲೆಲ್ಲ ತುಂಬ ಇಷ್ಟವಾದದ್ದು ಇದೇ. ಮೂಲ ವರ್ಣಚಿತ್ರಗಳು ಆರೂ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಮೊದಲನೆಯದರಲ್ಲಿ ಮದುವೆ ಮಾತುಕತೆ. ಹುಡುಗನ ಅಪ್ಪ ದೊಡ್ಡ ಮನೆತನದ ಜಮೀನ್ದಾರ, ಕೈಯಲ್ಲಿ ಕಾಸಿಲ್ಲ. ನೋವಿನ ಕಾಲಿಗೆ ಬಟ್ಟೆ ಸುತ್ತಿ ಮಣೆ ಮೇಲಿಟ್ಟು, ತನ್ನ ವಂಶವೃಕ್ಷದ ಕಡೆ ಬೆರಳು ತೋರಿಸುತ್ತಿದ್ದಾನೆ. ಅವನ ಊರುಗೋಲಿನ ಮೇಲೂ ಮನೆತನದ ಕಿರೀಟದ ಗುರುತಿದೆ. ಕಿಟಕಿಯಾಚೆ ದುಡ್ಡಿಲ್ಲದೆ ಅರ್ಧಕ್ಕೆ ನಿಂತ ಬಂಗಲೆ ಕಾಣುತ್ತದೆ. ಹುಡುಗಿಯ ಅಪ್ಪ ಶ್ರೀಮಂತ ವ್ಯಾಪಾರಿ. ಕನ್ನಡಕ ಹಾಕಿಕೊಂಡು ಕರಾರುಪತ್ರ ಓದುತ್ತಿದ್ದಾನೆ. ಮದುಮಗ ಬೆನ್ನು ತಿರುಗಿಸಿ ಕನ್ನಡಿ ನೋಡಿಕೊಳ್ಳುತ್ತಿದ್ದಾನೆ. ಮದುಮಗಳು ಕರವಸ್ತ್ರಕ್ಕೆ ಉಂಗುರ ತೂರಿಸಿ ಎಳೆದಾಡುತ್ತಾ ಕೂತಿದ್ದಾಳೆ. ಅವರ ಹತ್ತಿರ ನೆಲದ ಮೇಲೆ ಎರಡು ನಾಯಿ. ಒಂದಕ್ಕೊಂದು ಸರಪಳಿ ಬಿಗಿದಿದೆ, ಒಂದರ ಕಡೆ ಇನ್ನೊಂದು ನೋಡುತ್ತಿಲ್ಲ.

ಆರನೆಯದಕ್ಕೆ ಹೋಗು. ಗಂಡ ಕತ್ತಿ ಕಾಳಗದಲ್ಲಿ ಸತ್ತಾಗಿದೆ. ಅವನನ್ನು ಕೊಂದ ವಕೀಲ, ಅವಳ ಪ್ರಿಯಕರ, ಗಲ್ಲಿಗೇರಿದ್ದಾನೆ. ಆ ಸುದ್ದಿಯ ಕಾಗದ ನೆಲದ ಮೇಲಿದೆ, ಪಕ್ಕದಲ್ಲಿ ವಿಷದ ಖಾಲಿ ಸೀಸೆ. ಅವಳು ಅಪ್ಪನ ಮನೆಯ ಕುರ್ಚಿಯಲ್ಲಿ ಪ್ರಾಣ ಬಿಡುತ್ತಿದ್ದಾಳೆ. ಆಯಾ ಮಗುವನ್ನು ತಾಯಿಯ ಮುಖದ ಹತ್ತಿರ ಹಿಡಿದಿದ್ದಾಳೆ. ಮಗುವಿನ ಕಾಲಿಗೆ ಕಬ್ಬಿಣದ ಪಟ್ಟಿ, ಕೆನ್ನೆಯ ಮೇಲೆ ಅಪ್ಪನಿಂದ ಬಂದ ರೋಗದ ಕಲೆ. ಮೇಜಿನ ಮೇಲಿಂದ ಬಡಕಲು ನಾಯಿಯೊಂದು ಊಟ ಕದಿಯುತ್ತಿದೆ. ಇವೆಲ್ಲದರ ನಡುವೆ ಅಪ್ಪ ಏನು ಮಾಡುತ್ತಿದ್ದಾನೆ ಗೊತ್ತಾ? ಮಗಳ ಬೆರಳಿನಿಂದ ಉಂಗುರ ಬಿಚ್ಚಿಕೊಳ್ಳುತ್ತಿದ್ದಾನೆ. ಈ ಬೆರಳನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಮ್ ಅಂದಿತ್ತು. ಗಿರವಿ ಅಂಗಡಿಯವನು ಗರಗಸ ಹಿಡಿದಿದ್ದನಲ್ಲ, ಅದೇ ಕೈ ಇದು.

ಮುಖವನ್ನು ಸೊಟ್ಟಗೆ ಮಾಡಿ ನಗಿಸುವುದರ ಬಗ್ಗೆ ಅವನಿಗೆ ಒಲವಿರಲಿಲ್ಲ. 1743ರಲ್ಲಿ ಇದಕ್ಕಾಗಿಯೇ ನೂರಕ್ಕೂ ಹೆಚ್ಚು ಮುಖಗಳ ಒಂದು ಹಾಳೆ ಅಚ್ಚು ಹಾಕಿಸಿದ. ಉದ್ದ ಮೂಗು, ದೊಡ್ಡ ಗಲ್ಲ ಮಾಡಿ ತೋರಿಸುವುದು ಬೇರೆ, ಮನುಷ್ಯನ ಸ್ವಭಾವ ಮುಖದಲ್ಲಿ ಕಾಣುವ ಹಾಗೆ ಬಿಡಿಸುವುದು ಬೇರೆ, ತನ್ನದು ಎರಡನೆಯದು ಅನ್ನುವುದು ಅವನ ವಾದ. ನಿನ್ನ ಕೆಲಸಕ್ಕೆ ಇದು ಬೇಕಾಗುತ್ತದೆ, ಆ ಹಾಳೆ ಹುಡುಕಿ ನೋಡು.

ದುಡ್ಡಿನ ಮಾತಿಗೆ ಬರುತ್ತೇನೆ. ಹೌದು, ಮಾರಿದ. ಹಳ್ಳಿಯಿಂದ ಬಂದು ವೇಶ್ಯಾವಾಟಿಕೆಗೆ ಬಿದ್ದ ಹುಡುಗಿಯ ಕಥೆ ಹೇಳುವ ‘ಹಾರ್ಲಟ್ಸ್ ಪ್ರೋಗ್ರೆಸ್’ 1732ರಲ್ಲಿ ಬಂತು. ಆರು ಚಿತ್ರಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್. ಸಾವಿರಕ್ಕೂ ಹೆಚ್ಚು ಜನ ಮುಂಗಡ ಕೊಟ್ಟು ಕೊಂಡರು. ಕೂಡಲೇ ಕಳ್ಳ ಪ್ರತಿಗಳು ಬಂದವು. ಆಗ ಅವನು ಮತ್ತು ಜೊತೆಯ ಕಲಾವಿದರು ಸಂಸತ್ತಿಗೆ ಅರ್ಜಿ ಹಾಕಿದರು. 1735ರಲ್ಲಿ ಕೆತ್ತನೆ ಚಿತ್ರಗಳಿಗೆ 14 ವರ್ಷದ ಹಕ್ಕು ಕೊಡುವ ಕಾಯ್ದೆ ಬಂತು. ಬಿಡಿಸಿದವನ ದುಡಿಮೆ ಬಿಡಿಸಿದವನಿಗೇ ಸಿಗಬೇಕು ಅನ್ನುವುದರಲ್ಲಿ ತಪ್ಪೇನಿದೆ? ಜಿನ್ ಲೇನ್‌ಗೆ ಬೇಕೆಂದೇ ಬೆಲೆ ಇಳಿಸಿ ಒಂದು ಶಿಲಿಂಗ್ ಇಟ್ಟ. ಕೂಲಿಯವನಿಗೆ ಅದೂ ಹಗುರವಾದ ದುಡ್ಡಲ್ಲ, ಒಪ್ಪುತ್ತೇನೆ. ಆದರೆ ಇಂಥ ಚಿತ್ರಗಳು ಅಂಗಡಿ ಕಿಟಕಿಯಲ್ಲಿ, ಹೋಟೆಲಿನ ಗೋಡೆಯಲ್ಲಿ ತೂಗುತ್ತಿದ್ದವು. ಕೊಳ್ಳದವರೂ ನೋಡುತ್ತಿದ್ದರು.

ಅದೇ ಹಾರ್ಲಟ್ ಸರಣಿಯ ಮೊದಲ ಚಿತ್ರದಲ್ಲಿ ಹುಡುಗಿ ಗಾಡಿಯಿಂದ ಇಳಿದು ನಿಂತಿದ್ದಾಳೆ. ಲಂಡನ್ನಿನಲ್ಲಿರುವ ನೆಂಟನಿಗೆ ಅಂತ ತಂದ ಹೆಬ್ಬಾತಿನ ಕೊರಳಲ್ಲಿ ಚೀಟಿ ಇದೆ. ಕಾಗುಣಿತ ಪೂರ್ತಿ ತಪ್ಪು. ನೆಂಟ ಬಂದಿಲ್ಲ. ಬಂದಿರುವುದು ಹೆಣ್ಣುಮಕ್ಕಳನ್ನು ದಂಧೆಗೆ ಎಳೆಯುವ ಹೆಂಗಸು. ಕುದುರೆ ಮೇಲೆ ಕೂತ ಪಾದ್ರಿ ಬೆನ್ನು ಹಾಕಿ ತನ್ನ ಕಾಗದ ಓದುತ್ತಿದ್ದಾನೆ. ಆ ತಪ್ಪು ಕಾಗುಣಿತವನ್ನು ನೋಡಿ ನಗಲು ನನ್ನಿಂದ ಆಗಿಲ್ಲ.

ನಿನ್ನ ಮಾತು ಸರಿಯಾಗಿ ತಾಗುವ ಜಾಗವೂ ಇದೆ. 1747ರ ‘ಇಂಡಸ್ಟ್ರಿ ಅಂಡ್ ಐಡಲ್‌ನೆಸ್’. ನೇಕಾರರ ಮಗ್ಗದಲ್ಲಿ ಕೆಲಸ ಕಲಿಯುವ ಇಬ್ಬರು ಹುಡುಗರು. ಚೆನ್ನಾಗಿ ದುಡಿದವನು ಒಡೆಯನ ಮಗಳನ್ನು ಮದುವೆಯಾಗಿ ಲಂಡನ್ನಿನ ಮೇಯರ್ ಆಗುತ್ತಾನೆ. ಸೋಮಾರಿ ಟೈಬರ್ನ್‌ನಲ್ಲಿ ನೇಣಿಗೇರುತ್ತಾನೆ. ಹನ್ನೆರಡು ಚಿತ್ರದ ಉಪದೇಶ ಇದು, ಒಡೆಯರಿಗೆ ಅನುಕೂಲವಾದ ಉಪದೇಶ. ಇಲ್ಲಿ ಗಿರವಿ ಅಂಗಡಿಯವನೂ ಇಲ್ಲ, ಜಮೀನ್ದಾರನೂ ಇಲ್ಲ. ತಪ್ಪೆಲ್ಲ ಒಬ್ಬ ಹುಡುಗನ ತಲೆ ಮೇಲೆ. ಇದನ್ನು ತೋರಿಸಿ ನೀನು ವಾದ ಮಾಡಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಚಿತ್ರದಾಚೆಯೂ ಅವನನ್ನು ನೋಡು. ಕ್ಯಾಪ್ಟನ್ ಥಾಮಸ್ ಕೋರಮ್ ಬೀದಿಗೆ ಬಿಸಾಡಿದ ಮಕ್ಕಳಿಗಾಗಿ ಹಲವು ವರ್ಷ ಓಡಾಡಿ, 1739ರಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಅನ್ನುವ ಅನಾಥಾಲಯಕ್ಕೆ ದೊರೆಯ ಅನುಮತಿ ಪಡೆದ. ಮೊದಲ ಗವರ್ನರ್‌ಗಳಲ್ಲಿ ಹೋಗಾರ್ತ್ ಒಬ್ಬ. ಕೋರಮ್‌ನ ದೊಡ್ಡ ಚಿತ್ರ ಬಿಡಿಸಿ ಸಂಸ್ಥೆಗೆ ಕೊಟ್ಟ. ಬೇರೆ ಕಲಾವಿದರಿಂದಲೂ ಚಿತ್ರ ಕೊಡಿಸಿದ. ಅವನಿಗೂ ಹೆಂಡತಿ ಜೇನ್‌ಗೂ ಮಕ್ಕಳಿರಲಿಲ್ಲ. ಅಲ್ಲಿನ ಮಕ್ಕಳನ್ನು ಮನೆಗೆ ಕರೆತಂದು ಸಾಕಿದರು. ಜಿನ್ ಲೇನ್‌ನಲ್ಲಿ ಬೀಳುತ್ತಿರುವ ಮಗುವನ್ನು ಬಿಡಿಸಿದ ಕೈ ಅದು. ಆ ಕೈಗೆ ಬಡವರ ಮೇಲೆ ತಾತ್ಸಾರ ಇತ್ತು ಅಂದರೆ ನಾನು ಒಪ್ಪುವುದಿಲ್ಲ.

ಇನ್ನು ನೀನು ನೋಡಬೇಕಾದದ್ದು ಚುನಾವಣೆಯ ನಾಲ್ಕು ಚಿತ್ರ. 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆ ಕಂಡು ಮಾಡಿದ್ದು. ಮೂಲಚಿತ್ರಗಳು ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂನಲ್ಲಿವೆ. ಎರಡನೆಯದರಲ್ಲಿ ಒಬ್ಬ ರೈತ ನಡುವೆ ನಿಂತಿದ್ದಾನೆ, ಎರಡೂ ಪಕ್ಷದವರು ಎರಡೂ ಕಡೆಯಿಂದ ಅವನ ಕೈಗೆ ದುಡ್ಡು ತುರುಕುತ್ತಿದ್ದಾರೆ. ಮೂರನೆಯದರಲ್ಲಿ ಮತಗಟ್ಟೆ. ಯುದ್ಧದಲ್ಲಿ ಕೈ ಕಳೆದುಕೊಂಡ ಸಿಪಾಯಿ ಪ್ರಮಾಣ ಮಾಡಲು ಬೈಬಲ್ ಮೇಲೆ ತನ್ನ ಕಬ್ಬಿಣದ ಕೊಕ್ಕೆ ಇಟ್ಟಿದ್ದಾನೆ. ಕೈ ಇಲ್ಲದವನ ಪ್ರಮಾಣ ನಡೆಯುತ್ತದೋ ಇಲ್ಲವೋ ಅಂತ ವಕೀಲರು ಜಗಳಕ್ಕೆ ನಿಂತಿದ್ದಾರೆ. ಅವನ ಹಿಂದೆ ಸಾಯುವ ಸ್ಥಿತಿಯಲ್ಲಿರುವವನನ್ನೂ ಹೊತ್ತು ತರುತ್ತಿದ್ದಾರೆ. ಈ ಚಿತ್ರವನ್ನು ನಿಧಾನವಾಗಿ ನೋಡಿ, ನಿನಗೆ ಅನ್ನಿಸಿದ್ದನ್ನು ಬರೆ. ಜಗಳ ಆಡಬೇಕು ಅನ್ನಿಸಿದರೂ ಬರೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ